ಅರಿವು ಕೇಂದ್ರಕ್ಕೆ ಎಆರ್ ಪುಸ್ತಕ: ಚಿತ್ರ, ಕಾಗದ, ಫೋನು, ಓದು ಹೇಗಿರಬೇಕು?

ಮದ್ದೂರ್‌ವಡೆ
ಮದ್ದೂರು ತಾಲ್ಲೂಕಿನ ಒಂದು ಅರಿವು ಕೇಂದ್ರಕ್ಕಾಗಿ (ಗ್ರಾಮ ಪಂಚಾಯಿತಿ ಗ್ರಂಥಾಲಯ) ಆಗ್ಮೆಂಟೆಡ್ ರಿಯಾಲಿಟಿ (ಎಆರ್) ಪುಸ್ತಕ ಮಾಡುವ ಯೋಚನೆ ಇದೆ. ಪುಟದ ಮೇಲೆ ಫೋನ್ ಹಿಡಿದರೆ ಚಿತ್ರ ಎದ್ದು ನಿಲ್ಲುತ್ತದಲ್ಲ, ಆ ಥರದ್ದು. ವಿಷಯ ಕೊಕ್ಕರೆ ಬೆಳ್ಳೂರಿನ ಹಕ್ಕಿಗಳು: ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ಅವು ಗೂಡು ಕಟ್ಟುವ ಹುಣಸೆ ಮರ. 16 ಪುಟ, 2ರಿಂದ 4ನೇ ತರಗತಿಯ ಮಕ್ಕಳಿಗೆ. ಕೈಯಲ್ಲಿರೋದು 3 ಜಿಬಿ ರ್‍ಯಾಮ್‌ನ ಹಳೇ ಆಂಡ್ರಾಯ್ಡ್ ಫೋನುಗಳು, ಜೊತೆಗೆ ಬಂದರೆ ಬಂತು ಇಲ್ಲದಿದ್ರೆ ಇಲ್ಲ ಅನ್ನೋ ಇಂಟರ್ನೆಟ್.

ಆಪ್ ಮಾಡಿಸಬೇಕಾ, ಬ್ರೌಸರ್‌ನಲ್ಲೇ ಆಗುತ್ತಾ? ಅಚ್ಚಿಗೆ ಯಾವ ಕಾಗದ? ಎಲ್ಲಕ್ಕಿಂತ ಮುಖ್ಯವಾಗಿ, ಇದರಿಂದ ಓದು ಸುಧಾರಿಸುತ್ತಾ, ಇಲ್ಲ ಮಕ್ಕಳು ಫೋನು ನೋಡ್ಕೊಂಡು ಕೂರ್ತಾವಾ? ಗೊತ್ತಿರುವವರು ವಿವರವಾಗಿ ಬರೆಯಿರಿ.

ರಸಬಾಳೆ
ಬ್ರೌಸರ್‌ನಲ್ಲೇ ಮಾಡಿ. ಆಪ್ ದಾರಿ ಹಿಡಿದರೆ ಯೂನಿಟಿ (ಆಟ, ಆಪ್ ಕಟ್ಟುವ ತಂತ್ರಾಂಶ) ಬಲ್ಲವರು ಬೇಕು, ಪ್ರತಿ ತಿದ್ದುಪಡಿಗೂ ಎಲ್ಲ ಫೋನುಗಳಿಗೆ ಮತ್ತೆ ಹಾಕಬೇಕು. ಎಆರ್‌ಕೋರ್ (ಗೂಗಲ್‌ನ ಎಆರ್ ವ್ಯವಸ್ಥೆ) ನಂಬಿದ ಆಪ್ ಆದರೆ ಗೂಗಲ್‌ನ ಬೆಂಬಲಿತ ಪಟ್ಟಿಯಲ್ಲಿ ಆ ಫೋನಿನ ಮಾಡೆಲ್ ಇರಲೇಬೇಕು. ಅಗ್ಗದ ಹಳೇ ಫೋನು ಎಷ್ಟೋ ಆ ಪಟ್ಟಿಯಲ್ಲಿ ಇರುವುದಿಲ್ಲ.

ಮೈಂಡ್‌ಎಆರ್ ಅಂತ ಮುಕ್ತ ತಂತ್ರಾಂಶ ಇದೆ, ಎ-ಫ್ರೇಮ್ (ವೆಬ್ ಪುಟದಲ್ಲಿ 3ಡಿ ತೋರಿಸುವ ಸಾಧನ) ಜೊತೆ ಸೇರಿ ಕ್ರೋಮ್‌ನಲ್ಲಿ ಓಡುತ್ತದೆ. ಚಿತ್ರ ಗುರುತಿಸುವ ಕೆಲಸ ಪೂರ್ತಿ ಫೋನಿನೊಳಗೇ ನಡೆಯುತ್ತದೆ, ಕ್ಯಾಮೆರಾ ಕಂಡದ್ದು ಯಾವ ಸರ್ವರ್‌ಗೂ ಹೋಗಲ್ಲ. ಮಕ್ಕಳ ವಿಷಯದಲ್ಲಿ ಇದು ಸಣ್ಣ ಮಾತಲ್ಲ.

ಕ್ರಮ ಹೀಗೆ:

1. ಪ್ರತಿ ಎಆರ್ ಪುಟದ ಚಿತ್ರಭಾಗವನ್ನು ಮಾತ್ರ (ಪಠ್ಯ ಬಿಟ್ಟು) ಕತ್ತರಿಸಿ ಜೆಪೆಗ್ ಮಾಡಿ. ಅಚ್ಚಿಗೆ ಹೋಗುವ ಅಂತಿಮ ಚಿತ್ರವೇ ಆಗಿರಬೇಕು. ಆಮೇಲೆ ಕಲಾವಿದರು ‘ಒಂದು ಮೋಡ ಸೇರಿಸಿದೆ’ ಅಂದರೆ ಗುರುತು ಹಾಳಾಗುತ್ತದೆ.
2. ಮೈಂಡ್‌ಎಆರ್‌ನ ಕಂಪೈಲರ್ ಪುಟಕ್ಕೆ ಎಲ್ಲವನ್ನೂ ಒಟ್ಟಿಗೆ ಹಾಕಿ ಒಂದು ‘ಮೈಂಡ್’ ಫೈಲ್ ಇಳಿಸಿಕೊಳ್ಳಿ. ಚಿತ್ರದ ಮೇಲೆ ಅದು ಚುಕ್ಕಿಗಳನ್ನು ತೋರಿಸುತ್ತದೆ. ಚುಕ್ಕಿ ಚಿತ್ರದ ತುಂಬ ಹರಡಿದ್ದರೆ ಒಳ್ಳೆಯದು, ಒಂದೇ ಮೂಲೆಯಲ್ಲಿ ಗುಂಪಾಗಿದ್ದರೆ ಆ ಚಿತ್ರ ಕೈಕೊಡುತ್ತದೆ.
3. ಎದ್ದು ನಿಲ್ಲುವ 3ಡಿ ಮಾದರಿಗಳನ್ನು ಬ್ಲೆಂಡರ್ ತಂತ್ರಾಂಶದಲ್ಲಿ ಮಾಡಿ ಜಿಎಲ್‌ಬಿ ಫೈಲ್ ರೂಪದಲ್ಲಿ ಹೊರತೆಗೆಯಿರಿ. ಈ ಫೋನುಗಳಿಗೆ ಒಂದು ಮಾದರಿ 15 ಸಾವಿರ ತ್ರಿಕೋನ (ಮಾದರಿಯ ಮೈ ಕಟ್ಟುವ ತುಣುಕು), 2 ಎಂಬಿ ದಾಟದಿರಲಿ. ಟೆಕ್ಸ್ಚರ್ (ಮಾದರಿಯ ಮೈಗೆ ಹೊದಿಸುವ ಚಿತ್ರ) 1024 ಪಿಕ್ಸೆಲ್ ಸಾಕು, ಹಲವಕ್ಕೆ 512 ಕೂಡ ನಡೆಯುತ್ತದೆ.
4. ಫೈಲುಗಳನ್ನು ಎಚ್‌ಟಿಟಿಪಿಎಸ್ (ಸುರಕ್ಷಿತ ವೆಬ್ ವಿಳಾಸ) ಇರುವ ಜಾಗದಲ್ಲಿಡಿ. ಗಿಟ್‌ಹಬ್ ಪೇಜಸ್ ಉಚಿತ. ಎಚ್‌ಟಿಟಿಪಿಎಸ್ ಇಲ್ಲದಿದ್ದರೆ ಬ್ರೌಸರ್ ಕ್ಯಾಮೆರಾ ಕೊಡುವುದೇ ಇಲ್ಲ.
5. ಮೊದಲ ಪರದೆಯಲ್ಲಿ ‘ಶುರು’ ಅಂತ ಒಂದು ದೊಡ್ಡ ಗುಂಡಿ ಇರಲಿ. ಬಳಕೆದಾರ ಒಮ್ಮೆ ಮುಟ್ಟದೆ ಬ್ರೌಸರ್ ಧ್ವನಿ ನುಡಿಸುವುದಿಲ್ಲ.

ಎಲ್ಲರೂ ಎಡವುವ ಜಾಗ ಒಂದಿದೆ. ಕಂಪೈಲರ್‌ಗೆ ಚಿತ್ರ ಹಾಕಿದ ಕ್ರಮದಲ್ಲೇ 0, 1, 2 ಅಂತ ಸಂಖ್ಯೆ ಬೀಳುತ್ತದೆ. ಮಧ್ಯದಲ್ಲಿ ಹೊಸ ಪುಟ ಸೇರಿಸಿ ಮತ್ತೆ ಕಂಪೈಲ್ ಮಾಡಿದರೆ ಮುಂದಿನದೆಲ್ಲ ಒಂದೊಂದು ಜರುಗಿ, ಹುಣಸೆ ಮರದ ಪುಟದ ಮೇಲೆ ಮೀನು ಈಜುತ್ತದೆ. ಹೊಸದೇನೇ ಬಂದರೂ ಪಟ್ಟಿಯ ಕೊನೆಗೇ ಸೇರಿಸಿ.

ಹಳೇಸ್ಲೇಟು
ಸ್ವಲ್ಪ ತಡೀರಿ ಸರ್. ಇಷ್ಟೆಲ್ಲ ಯಾಕೆ? ಪುಟಕ್ಕೊಂದು ಕ್ಯೂಆರ್ ಕೋಡು, ಒತ್ತಿದರೆ ಧ್ವನಿ. ಪಠ್ಯಪುಸ್ತಕದಲ್ಲಿ ಸರ್ಕಾರದ ಕಲಿಕಾ ತಾಣ ದೀಕ್ಷಾದ ಕ್ಯೂಆರ್ ಬಂದು ವರ್ಷಗಳಾದವು, ಮೇಷ್ಟ್ರಿಗೂ ಪೋಷಕರಿಗೂ ಅದು ರೂಢಿ. ಹಕ್ಕಿ ಎದ್ದು ನಿಂತು ರೆಕ್ಕೆ ಬಡಿದ ಮಾತ್ರಕ್ಕೆ ಯಾವ ಮಗುವಿಗೂ ಒತ್ತಕ್ಷರ ಬರಲ್ಲ.

ಕಲಿಕಾಏಣಿ
ಹಳೇಸ್ಲೇಟು ಅವರ ಮಾತಿನಲ್ಲಿ ಅರ್ಧ ಸತ್ಯವಿದೆ, ಅದರಿಂದಲೇ ಶುರು ಮಾಡೋಣ. ಅಕ್ಷರ ಕಲಿಸುವುದಕ್ಕೆ ಎಆರ್ ಬೇಡ. ‘ಕ’ ಅಕ್ಷರ ಗಾಳಿಯಲ್ಲಿ ತಿರುಗಿದರೆ ಮಗು ಅದನ್ನು ಹಿಂದಿನಿಂದಲೂ ನೋಡುತ್ತದೆ. ಅಕ್ಷರಕ್ಕೆ ಹಿಂದು ಮುಂದು ಇರುವುದೇ ಅದರ ಗುಣ, ಅದನ್ನೇ ಗೊಂದಲ ಮಾಡುವುದು ಯಾಕೆ? ಮರಳು, ಸ್ಲೇಟು, ಬೆರಳು ಸಾಕು.

ಎಆರ್ ಬೇಕಾಗುವುದು ಅರ್ಥಕ್ಕೆ. ಅದೂ ಒಂದು ಕೋನದಿಂದ ನೋಡಿದರೆ ತಿಳಿಯದ ವಸ್ತುವಿಗೆ. ನಿಮ್ಮ ಪುಸ್ತಕದಲ್ಲೇ ಈ ವಾಕ್ಯ ತೆಗೆದುಕೊಳ್ಳಿ: ‘ಹೆಜ್ಜಾರ್ಲೆ ಕೊಕ್ಕಿನ ಚೀಲದಲ್ಲಿ ಮೀನನ್ನು ನೀರಿನ ಸಮೇತ ಮೊಗೆಯುತ್ತದೆ. ನೀರನ್ನು ಹೊರಕ್ಕೆ ಬಿಟ್ಟು ಮೀನನ್ನು ನುಂಗುತ್ತದೆ.’ ಕೆಳಗಿನ ಕೊಕ್ಕಿಗೆ ಚೀಲ ಇರುವುದು, ಅದು ಹಿಗ್ಗುವುದು, ನೀರು ಬಸಿಯುವುದು: ಇವನ್ನು ಒಂದೇ ಚಪ್ಪಟೆ ಚಿತ್ರದಲ್ಲಿ ಹೇಳುವುದು ಕಷ್ಟ. ಮಗು ಪುಸ್ತಕ ತಿರುಗಿಸಿ ಕೆಳಗಿನಿಂದ ನೋಡಿದರೆ ‘ಮೊಗೆಯುತ್ತದೆ’ ಅನ್ನುವ ಪದ ಅಲ್ಲೇ ಅರ್ಥವಾಗುತ್ತದೆ. ಇದೇ ಲೆಕ್ಕದಲ್ಲಿ ಆಲೆಮನೆಯ ಗಾಣದ ಒಳಗು, ಗೀಜಗನ ಗೂಡಿನ ಒಳಕೋಣೆ, ನಾಲೆಯ ತೂಬು ಒಳ್ಳೆಯ ಎಆರ್ ವಿಷಯಗಳು. ಹಸು ಬಾಲ ಅಲ್ಲಾಡಿಸುವುದು ಅಲ್ಲ.

ಹಕ್ಕಿಯ ಗಾತ್ರ ತೋರಿಸಲು ಸಹ ಎಆರ್ ನಂಬಬೇಡಿ, ಪುಸ್ತಕದ ಮೇಲೆ ನಿಂತ ಹೆಜ್ಜಾರ್ಲೆ ಕೋಳಿಮರಿಯಷ್ಟೇ ಕಾಣುತ್ತದೆ. ಅದರ ರೆಕ್ಕೆಯ ಹರವು ಎರಡು ಮೀಟರಿಗೂ ಹೆಚ್ಚು. ಅಂಗಳದಲ್ಲಿ ಸುಣ್ಣದ ಗೆರೆ ಎಳೆದು ಮಕ್ಕಳನ್ನು ಅದರ ಮೇಲೆ ಕೈ ಚಾಚಿ ನಿಲ್ಲಿಸಿ, ಮುಗಿಯಿತು.

16 ಪುಟದಲ್ಲಿ 5 ಪುಟಕ್ಕೆ ಎಆರ್ ಇದ್ದರೆ ಧಾರಾಳವಾಯಿತು.

ಮಾತುಕಲಿ
ಏಣಿ ಮೇಡಂ ಹೇಳಿದ್ದಕ್ಕೆ ಸಂಶೋಧನೆಯ ಆಧಾರವೂ ಇದೆ. ತಕಾಚ್, ಸ್ವಾರ್ಟ್, ಬಸ್ ಎಂಬ ಮೂವರು 2015ರಲ್ಲಿ ಡಿಜಿಟಲ್ ಕಥೆಪುಸ್ತಕಗಳ ಬಗ್ಗೆ ಆಗಿದ್ದ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದರು. ಕಥೆಗೆ ಹೊಂದಿಕೊಂಡ ಚಲನೆ, ಧ್ವನಿ ಇದ್ದಾಗ ಮಕ್ಕಳ ಅರ್ಥಗ್ರಹಣಕ್ಕೂ ಪದಸಂಪತ್ತಿಗೂ ಅನುಕೂಲ. ಮುಟ್ಟಿದರೆ ಏನೋ ಆಗುವ ಜಾಗಗಳು, ನಡುವೆ ಆಟಗಳು ಸೇರಿದಾಗ ಆ ಲಾಭ ಇಳಿದುಹೋಗುತ್ತದೆ, ಓದಿನಲ್ಲಿ ಹಿಂದೆ ಬೀಳುವ ಅಪಾಯ ಇರುವ ಮಕ್ಕಳಿಗೆ ಹೆಚ್ಚಾಗಿ. ಅವರು ನೋಡಿದ್ದು ಎಆರ್ ಅಲ್ಲ, ಪರದೆಯ ಪುಸ್ತಕ. ಆದರೆ ಗಮನ ಒಡೆಯುವ ಕಾರಣ ಎರಡರಲ್ಲೂ ಒಂದೇ.

ಹಾಗಾಗಿ ನಿಮ್ಮ ಪುಸ್ತಕದಲ್ಲಿ: ಒಂದು ಪುಟಕ್ಕೆ ಒಂದೇ ಚಲನೆ, 6ರಿಂದ 8 ಸೆಕೆಂಡು. ವಾಕ್ಯದ ಕ್ರಿಯಾಪದ ಯಾವುದೋ ಅದೇ ಚಲನೆ. ಹಿನ್ನೆಲೆ ಸಂಗೀತ ಬೇಡ, ನಕ್ಷತ್ರ ಉದುರುವುದು ಬೇಡ, ಅಂಕ ಬೇಡ. ಮಿಂಚುವ ಪರಿಣಾಮ ಏನಾದರೂ ಹಾಕಿದರೆ ಸೆಕೆಂಡಿಗೆ 3 ಬಾರಿ ಮೀರಬಾರದು, ಅಪಸ್ಮಾರ ಇರುವ ಮಕ್ಕಳಿಗೆ ಅದು ಅಪಾಯ.

ಶ್ರವಣದೋಷ ಇರುವ ಮಗು ಬಂದರೆ ‘ಕ್ಯೂಆರ್ ಒತ್ತಿ ಕೇಳು’ ಅನ್ನುವ ಪುಸ್ತಕ ಪ್ರಯೋಜನವಿಲ್ಲ. ಅಲ್ಲಿ ಎಆರ್‌ಗೇ ಬೆಲೆ, ಯಾಕೆಂದರೆ ಅರ್ಥ ಕಣ್ಣಿಗೆ ಕಾಣುತ್ತದೆ. ಭಾರತೀಯ ಸಂಜ್ಞಾ ಭಾಷೆಯ ಸಣ್ಣ ವಿಡಿಯೊ ಪರದೆಯ ಮೂಲೆಯಲ್ಲಿ ಬಂದರೆ ಇನ್ನೂ ಒಳ್ಳೆಯದು. ಆದರೆ ಅದು ಪುಟಕ್ಕೆ ಅಂಟಿಕೊಂಡು ಅಲುಗಾಡಬಾರದು, ಪರದೆಯಲ್ಲಿ ಒಂದೇ ಕಡೆ ನಿಂತಿರಬೇಕು. ಅಲುಗುವ ಕೈಬೆರಳನ್ನು ಓದಲು ಆಗುವುದಿಲ್ಲ.

ಚಿತ್ರಾನ್ನ
ಚಿತ್ರ ಬರೆಯುವವರ ಕಡೆಯಿಂದ ಕೆಲವು ಮಾತು, ಯಾಕಂದ್ರೆ ಇಲ್ಲಿ ಜಗಳ ಶುರುವಾಗೋದು ನಮ್ಮಿಂದಲೇ.

ಫೋನು ಹುಡುಕೋದು ಮೂಲೆಗಳನ್ನು: ಗಾಢ, ತಿಳಿ ಬಣ್ಣಗಳು ಥಟ್ಟನೆ ಸಂಧಿಸುವ ಚೂಪಾದ ಜಾಗಗಳನ್ನು. ಮೃದುವಾದ ಜಲವರ್ಣದ ಆಕಾಶ, ಮಂಜು, ನೀರಿನ ಮೇಲ್ಮೈ ನೋಡೋಕೆ ಚಂದ, ಫೋನಿಗೆ ಬರೀ ಬಿಳಿ ಗೋಡೆ. ಹಾಗಂತ ಒಂದೇ ಥರದ ಎಲೆಗಳನ್ನು ಸಾಲಾಗಿ ತುಂಬಿದರೂ ಆಗಲ್ಲ. ಯಾವ ಎಲೆ ಯಾವುದು ಅಂತ ಅದಕ್ಕೆ ಗೊಂದಲ. ಹುಣಸೆ ಎಲೆ ಬರೆಯೋವಾಗ ಇದೇ ಪೀಕಲಾಟ. ಕೊಂಬೆಗಳು ಅಡ್ಡಾದಿಡ್ಡಿ ಹೋಗಲಿ, ಗೂಡುಗಳು ಬೇರೆ ಬೇರೆ ಗಾತ್ರದಲ್ಲಿರಲಿ, ಮಧ್ಯೆ ಒಂದು ಹಂಚಿನ ಮನೆಯ ಮೂಲೆ ಇಣುಕಲಿ.

ಬಣ್ಣದ ಭೇದ ಅದಕ್ಕೆ ಕಾಣಲ್ಲ, ಬೂದು ಛಾಯೆ ಮಾಡ್ಕೊಂಡು ನೋಡುತ್ತೆ. ಕೆಂಪು ಹೂವು ಹಸಿರು ಎಲೆ ನಮಗೆ ಎದ್ದು ಕಾಣುತ್ತೆ, ಎರಡರ ಗಾಢತೆ ಒಂದೇ ಆದರೆ ಬೂದಿನಲ್ಲಿ ಕಲಸಿಹೋಗುತ್ತೆ. ಚಿತ್ರ ಮುಗಿಸೋ ಮೊದಲೇ ಫೈಲನ್ನು ಕಪ್ಪುಬಿಳುಪು ಮಾಡಿ, ಕಿರುಬೆರಳ ಉದ್ದಕ್ಕೆ ಕುಗ್ಗಿಸಿ ನೋಡಿ. ಆಗಲೂ ಯಾವ ಪುಟ ಅಂತ ಗೊತ್ತಾದರೆ ಫೋನಿಗೂ ಬಹುಪಾಲು ಗೊತ್ತಾಗುತ್ತೆ.

ಎಲ್ಲ ಪುಟಕ್ಕೂ ಒಂದೇ ರಂಗೋಲಿ ಅಂಚು ಹಾಕುವ ಆಸೆ ಬರುತ್ತೆ. ಹಾಕಿ, ಆದರೆ ಗುರುತಿಗೆ ಕೊಡುವ ಚಿತ್ರದಲ್ಲಿ ಅಂಚು ಸೇರಿಸಬೇಡಿ. ಸೇರಿಸಿದರೆ 4ನೇ ಪುಟ ತೋರಿಸಿದಾಗ 9ನೇ ಪುಟದ ಹಕ್ಕಿ ಬರುತ್ತೆ.

ರಸಬಾಳೆ
ಸರಿಯಾಗಿ ಹೇಳಿದಿರಿ. ಅಳತೆಗೆ ಎಆರ್‌ಕೋರ್‌ನ ಸೂಚನೆಯನ್ನೇ ನಿಯಮ ಮಾಡಿಕೊಳ್ಳಬಹುದು, ನೀವು ಬಳಸುವುದು ಬೇರೆಯಾದರೂ: ಅಚ್ಚಾದ ಚಿತ್ರ ಕನಿಷ್ಠ 15 × 15 ಸೆಂ.ಮೀ., ಮೊದಲ ಬಾರಿ ಗುರುತಿಸುವಾಗ ಅದು ಕ್ಯಾಮೆರಾ ಚೌಕಟ್ಟಿನ ಕಾಲು ಭಾಗವಾದರೂ ತುಂಬಿರಬೇಕು. ಅವರದೇ ಅಂಕ ಕೊಡುವ ಉಪಕರಣವೂ ಇದೆ. 100ಕ್ಕೆ 75 ದಾಟಿದ ಚಿತ್ರ ಮಾತ್ರ ಇಟ್ಟುಕೊಳ್ಳಿ.

ಸರ್ಕಾರಿ ಶಾಲೆಯ ನಲಿ-ಕಲಿ ಕಾರ್ಡಿನ ಮೂಲೆಯಲ್ಲಿರುವ ಪುಟ್ಟ ಲೋಗೊ ಚಿತ್ರಗಳನ್ನೇ ಎಆರ್ ಮಾಡೋಣ ಅಂತ ಹಲವರು ಕೇಳುತ್ತಾರೆ. ಆಗಲ್ಲ. ಒಂದೆರಡು ಸೆಂ.ಮೀ. ಗೆರೆಚಿತ್ರದಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ. ಕಾರ್ಡಿಗೇ ಬೇಕು ಅಂದರೆ ಎಆರ್.ಜೆಎಸ್ ಅನ್ನುವ ಇನ್ನೊಂದು ಬ್ರೌಸರ್ ತಂತ್ರಾಂಶದ ಬಾರ್‌ಕೋಡ್ ಗುರುತು ಬಳಸಿ: ದಪ್ಪ ಕಪ್ಪು ಚೌಕಟ್ಟು, ಒಳಗೆ 3 × 3 ಮನೆ, ಒಟ್ಟು 64 ಬೇರೆ ಬೇರೆ ಗುರುತು ಸಿಗುತ್ತವೆ. ಕಪ್ಪು ಚೌಕಟ್ಟಿನ ಸುತ್ತ ಬಿಳಿ ಜಾಗ ಬಿಡಲೇಬೇಕು. ಜೆರಾಕ್ಸ್ ಅಂಗಡಿಯಲ್ಲಿ ತೆಗೆದರೂ ಕೆಲಸ ಮಾಡುತ್ತದೆ, ಹಳೇ ಫೋನಿನಲ್ಲೂ ಹಗುರ. ನೋಡಲು ಮಾತ್ರ ಪಡಿತರ ಚೀಟಿ ಥರ.

ಮಾದರಿ ನಡುಗುತ್ತಿದ್ದರೆ ಮೈಂಡ್‌ಎಆರ್‌ನಲ್ಲಿ ಎರಡು ತಿರುಪು. ಫಿಲ್ಟರ್‌ಮಿನ್‌ಸಿಎಫ್ ಇಳಿಸಿದರೆ ನಡುಕ ಕಡಿಮೆ, ಆದರೆ ಪುಟ ಸರಿಸಿದಾಗ ಹಕ್ಕಿ ಹಿಂದೆ ಉಳಿದು ನಿಧಾನ ಬರುತ್ತದೆ. ಫಿಲ್ಟರ್‌ಬೀಟಾ ಏರಿಸಿದರೆ ಆ ವಿಳಂಬ ಕಡಿಮೆ. ಒಂದು ಸಲಕ್ಕೆ ಒಂದನ್ನೇ ಮುಟ್ಟಿ. ಮಗುವಿನ ಕೈ ಅಡ್ಡ ಬಂದ ಕೂಡಲೇ ಹಕ್ಕಿ ಮಾಯವಾಗುತ್ತಿದ್ದರೆ ಮಿಸ್‌ಟಾಲರೆನ್ಸ್ 5ರಿಂದ 10ಕ್ಕೆ ಏರಿಸಿ.

ಅಚ್ಚುಮೊಳೆ
ಅಚ್ಚಿನ ವಿಚಾರ ನಾ ಹೇಳ್ತೀನಿ, ಎಲ್ಲ ಸರಿ ಮಾಡ್ಕಂಡು ಬಂದು ಕಡೇಲಿ ಇಲ್ಲೇ ಕೆಡಿಸ್ಕತಾರೆ.

ಹೊಳಪಿನ ಲ್ಯಾಮಿನೇಷನ್ ಹಾಕಿಸಬ್ಯಾಡಿ. ಟ್ಯೂಬ್‌ಲೈಟಿನ ಗೆರೆ ಪುಟದ ಮ್ಯಾಲೆ ಬಿಳೀ ಪಟ್ಟಿ ಹೊಡೀತದೆ, ಆ ಜಾಗದಲ್ಲಿ ಚಿತ್ರವೇ ಇಲ್ದಂಗೆ ಫೋನಿಗೆ. ಮ್ಯಾಟ್ ಲ್ಯಾಮಿನೇಷನ್ನೇ ಕೇಳಿ. ಒಳಪುಟ 170 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ ತೂಕ) ಮ್ಯಾಟ್ ಆರ್ಟ್ ಪೇಪರ್, ರಟ್ಟು 300 ಜಿಎಸ್‌ಎಂ. 90 ಜಿಎಸ್‌ಎಂ ಹಾಕಿದ್ರೆ ಹಿಂದಿನ ಪುಟದ ಚಿತ್ರ ಇಣುಕ್ತದೆ, ಮಕ್ಕಳ ಕೈಬೆವರಿಗೆ ಸುಕ್ಕೂ ಬೀಳ್ತದೆ. ಸುಕ್ಕಾದ ಪುಟ ಅಂದ್ರೆ ಬಾಗಿದ ಪುಟ, ಬಾಗಿದ ಪುಟ ಅಂದ್ರೆ ಓಲಾಡೋ ಹಕ್ಕಿ.

ಬೈಂಡಿಂಗು: ಅಂಟು ಹಾಕಿದ ಪರ್ಫೆಕ್ಟ್ ಬೈಂಡಿಂಗ್ ಬ್ಯಾಡ, ಪುಟ ಪೂರ್ತಿ ಬಿಚ್ಚಿಕೊಳ್ಳಲ್ಲ, ನಡುವೆ ಗುಡ್ಡ ಏಳ್ತದೆ. 16 ಪುಟಕ್ಕೆ ನಡುಪಿನ್ನೇ ಸಾಕು. ಮ್ಯಾಜಿನ ಮ್ಯಾಲೆ ಚಪ್ಪಟೆ ಬೀಳಬೇಕು ಅಂದ್ರೆ ವೈರ್-ಒ, ತಂತಿ ಸುರುಳಿಯ ಬೈಂಡಿಂಗು. ಎರಡು ಪುಟಕ್ಕೆ ಹರಡಿದ ಒಂದೇ ಚಿತ್ರವನ್ನ ಗುರುತಿಗೆ ಕೊಡಬ್ಯಾಡಿ, ಮಡಿಕೆಯಲ್ಲಿ ಒಡೀತದೆ. ಚಿತ್ರ ಮಡಿಕೆಯಿಂದ 15 ಮಿ.ಮೀ. ಆಚೆಗಿರಲಿ.

ಪ್ರೆಸ್ಸಿಗೆ ಸಿಎಂವೈಕೆಗೆ (ಅಚ್ಚಿನ ನಾಲ್ಕು ಶಾಯಿ) ಬದಲಿಸಿದಾಗ ಬಣ್ಣ ಮಂಕಾಗ್ತವೆ, ನೆರಳು ಭಾಗ ಕಪ್ಪಾಗಿ ಮುಚ್ಚಿಕೊಳ್ತವೆ. ಅದಕ್ಕೇ ಹೇಳೋದು, ಮೊದಲು ಒಂದೇ ಒಂದು ಡಿಜಿಟಲ್ ಪ್ರೂಫ್ ತೆಗೆಸಿ, ಅದನ್ನ ನಿಮ್ಮ ಕೇಂದ್ರದ ಲೈಟಿನಲ್ಲೇ, ನಿಮ್ಮ ಕೆಟ್ಟ ಫೋನಲ್ಲೇ ಹಿಡಿದು ನೋಡಿ. ಸರಿ ಬಂದ್ರೆ ಮಾತ್ರ ಆಫ್‌ಸೆಟ್ಟಿಗೆ ಕೊಡಿ. ಪ್ಲೇಟು ಮಾಡಿದ ಮ್ಯಾಲೆ ಬಂದು ‘ಹಕ್ಕಿ ಏಳ್ತಿಲ್ಲ’ ಅಂದ್ರೆ ಪ್ರೆಸ್ಸಿನವನು ಏನ್ ಮಾಡ್ತಾನೆ?

ಬ್ರೌಸರ್ ಪುಟ ತೆರೆಯೋ ಕ್ಯೂಆರ್ ಕೋಡು ರಟ್ಟಿನ ಒಳಗೆ ಒಂದೇ ಒಂದು ಸಾಕು, 2.5 ಸೆಂ.ಮೀ. ಚದರ, ಸುತ್ತ ಬಿಳಿ ಅಂಚು. ಕಪ್ಪು ಶಾಯಿ ಒಂದರಲ್ಲೇ ಅಚ್ಚಾಗಲಿ, ನಾಲ್ಕೂ ಬಣ್ಣ ಸೇರಿಸಿ ಕಪ್ಪು ಮಾಡಿದ್ರೆ ಒಂದ್ ಕೂದಲು ಜರುಗಿದ್ರೂ ಅಂಚು ಮಬ್ಬಾಗ್ತದೆ.

ಮದ್ದೂರ್‌ವಡೆ
ಕೈ ಸೋಲುವಷ್ಟು ಬರ್ಕೊಂಡೆ. ಎರಡು ಅನುಮಾನ. ಒಂದು, ಇಂಟರ್ನೆಟ್ ಇಲ್ಲದಾಗ ಏನು ಮಾಡೋದು? ಎರಡು, ಪರದೆಯ ಮೇಲೆ ಕನ್ನಡ ಅಕ್ಷರ ಬರಬೇಕು ಅಂದರೆ ನುಡಿ ತಂತ್ರಾಂಶದಲ್ಲಿ ಟೈಪಿಸಿದ ಕಥೆಯನ್ನೇ ಹಾಕಬಹುದಾ?

ರಸಬಾಳೆ
ಎರಡನೆಯದು ಮೊದಲು. ನುಡಿಯ ಹಳೆಯ ಆಸ್ಕಿ ವಿನ್ಯಾಸದಲ್ಲಿ ಟೈಪಿಸಿದ್ದರೆ ಬ್ರೌಸರ್‌ನಲ್ಲಿ ಇಂಗ್ಲಿಷ್ ಕಸವಾಗಿ ಕಾಣುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಒಮ್ಮೆ ಕಣ್ಣಿಂದ ಓದಿ ನೋಡಿ. ಅರ್ಕಾವೊತ್ತು, ಮೂರು ವ್ಯಂಜನದ ಒತ್ತಕ್ಷರ ಇರುವ ಕಡೆ ಪರಿವರ್ತಕಗಳು ಎಡವುತ್ತವೆ. ‘ಹೆಜ್ಜಾರ್ಲೆ’ಯನ್ನೇ ಹುಡುಕಿ ನೋಡಿ.

ಯೂನಿಟಿಯ ಟೆಕ್ಸ್ಟ್‌ಮೆಶ್ ಪ್ರೊಗೆ ಕನ್ನಡದ ಒತ್ತಕ್ಷರ ಜೋಡಿಸಲು ತಾನಾಗಿ ಬರುವುದಿಲ್ಲ, ‘ಜ್ ಜಾ’ ಅಂತ ಹರಿದು ಬೀಳುತ್ತದೆ. ಎ-ಫ್ರೇಮ್‌ನ ಸ್ವಂತ ಪಠ್ಯಕ್ಕೂ ಕನ್ನಡ ಬಾರದು. ಬ್ರೌಸರ್ ಆರಿಸಲು ಇದೂ ಒಂದು ಕಾರಣ: ಕ್ಯಾಮೆರಾ ದೃಶ್ಯದ ಮೇಲೆ ಸಾಮಾನ್ಯ ಎಚ್‌ಟಿಎಂಎಲ್ ಪಟ್ಟಿ ಇಟ್ಟರೆ ಅಕ್ಷರ ಸರಿಯಾಗಿ ಕೂರುತ್ತವೆ. ನೋಟೊ ಸಾನ್ಸ್ ಕನ್ನಡ ಅಥವಾ ಬಾಲೂ ತಮ್ಮ ಫಾಂಟ್ ಫೈಲನ್ನು ಜೊತೆಗೇ ಇಡಿ. ಹಾಡಿನ ಸಾಲಿನಂತೆ ಪದ ಬೆಳಗಿಸಬೇಕು ಅಂದರೆ ಪದಕ್ಕೊಂದು ಸ್ಪ್ಯಾನ್ (ಎಚ್‌ಟಿಎಂಎಲ್ ಗುರುತು) ಹಾಕಿ. ಅಕ್ಷರಕ್ಕೊಂದು ಹಾಕಲು ಹೋದರೆ ಒತ್ತು ಕಳಚಿಕೊಳ್ಳುತ್ತದೆ.

ಇಂಟರ್ನೆಟ್ ಇಲ್ಲದಾಗ: ಪುಟಕ್ಕೆ ಸರ್ವೀಸ್ ವರ್ಕರ್ ಸೇರಿಸಿ. ನೆಟ್ ಇರುವಾಗ ಒಮ್ಮೆ ತೆರೆದರೆ ಎಲ್ಲ ಫೈಲು ಫೋನಿನಲ್ಲೇ ಉಳಿದು ಆಮೇಲೆ ನೆಟ್ ಇಲ್ಲದೆ ಓಡುತ್ತದೆ. ಇಲ್ಲಿ ನಾಲ್ಕು ಕಡೆ ಕೈಕೊಡುತ್ತದೆ.

ಎ-ಫ್ರೇಮ್, ಮೈಂಡ್‌ಎಆರ್ ಫೈಲುಗಳನ್ನು ಬೇರೆ ತಾಣದಿಂದ ಎಳೆಯುವ ಸಾಲು ಮಾದರಿ ಕೋಡ್‌ನಲ್ಲಿ ಇರುತ್ತದೆ. ಅವನ್ನು ಇಳಿಸಿ ನಿಮ್ಮ ಫೋಲ್ಡರ್‌ನಲ್ಲೇ ಇಡಿ, ಇಲ್ಲದಿದ್ದರೆ ಆಫ್‌ಲೈನ್‌ನಲ್ಲಿ ಬಿಳಿ ಪರದೆ. ಡ್ರಾಕೊ ಬಳಸಿ ಮಾದರಿ ಕುಗ್ಗಿಸಿದ್ದರೆ ಅದನ್ನು ಬಿಚ್ಚುವ ಫೈಲೂ ಜೊತೆಗಿರಬೇಕು. ವಿಡಿಯೊ ಬಳಸಿದರೆ ಬ್ರೌಸರ್ ಅದನ್ನು ತುಂಡು ತುಂಡಾಗಿ ಕೇಳುತ್ತದೆ, ಸರಳ ಸರ್ವೀಸ್ ವರ್ಕರ್‌ಗೆ ಹಾಗೆ ಕೊಡಲು ಬರುವುದಿಲ್ಲ, ವಿಡಿಯೊ ನಿಂತುಬಿಡುತ್ತದೆ. ಸಂಜ್ಞಾ ಭಾಷೆಯ ವಿಡಿಯೊವನ್ನು ಮೊದಲೇ ಪೂರ್ತಿ ಓದಿಸಿ ಬ್ಲಾಬ್ (ಮೆಮೊರಿಯಲ್ಲಿ ಇಡೀ ಫೈಲು) ಮಾಡಿ ಕೊಡಬೇಕು. ಕೊನೆಯದು, ಫೋನಿನ ಜಾಗ ತುಂಬಿದರೆ ಕ್ರೋಮ್ ಈ ಉಳಿಕೆಯನ್ನೇ ಅಳಿಸಬಹುದು. ವಾಟ್ಸಾಪ್‌ನ ಶುಭೋದಯ ಚಿತ್ರಗಳನ್ನು ಆಗಾಗ ಗುಡಿಸಿ.

ಫೈಲುಗಳನ್ನು ಪೆನ್‌ಡ್ರೈವ್‌ನಿಂದ ಫೋನಿಗೆ ಹಾಕಿ ನೇರ ತೆರೆಯುವುದು ಮಾತ್ರ ಆಗದ ಕೆಲಸ. ಮೈಂಡ್ ಫೈಲು ಲೋಡ್ ಆಗಲ್ಲ.

ಇನ್ನೊಂದು. ಯಾವುದೋ ಕಂಪನಿಯ ಉಚಿತ ಎಆರ್ ವೇದಿಕೆಯ ಮೇಲೆ ಪುಸ್ತಕ ಕಟ್ಟಬೇಡಿ. ಔರಾಸ್ಮಾ ಅಂತ ಶುರುವಾಗಿ ಎಚ್‌ಪಿ ರಿವೀಲ್ ಆದ ಸೇವೆ ಶಾಲೆಗಳಲ್ಲಿ ಬಹಳ ಬಳಕೆಯಲ್ಲಿತ್ತು. 2020ರಲ್ಲಿ ಮುಚ್ಚಿತು, ಅದಕ್ಕೆ ಕಟ್ಟಿದ್ದ ಗೋಡೆಪತ್ರ, ಪುಸ್ತಕ ಎಲ್ಲ ಬರೀ ಕಾಗದವಾದವು. ಕ್ಯೂಆರ್‌ನಲ್ಲಿ ನಿಮ್ಮದೇ ಹೆಸರಿನ ವಿಳಾಸ ಇರಲಿ, ಹಿಂದಿನ ಜಾಗ ಬದಲಾದರೂ ಅಚ್ಚಾದ ಪುಸ್ತಕ ಬದಲಿಸಬೇಕಾಗಲ್ಲ.

ಹಳೇಸ್ಲೇಟು
ಈಗ ಇದನ್ನೆಲ್ಲ ಮಾಡಿ ಮಗುವಿನ ಕೈಗೆ ಕೊಟ್ಟಿರಿ ಅಂತಿಟ್ಟುಕೊಳ್ಳೋಣ. ಮೊದಲು ಓದುತ್ತಾ, ಮೊದಲು ಫೋನ್ ಹಿಡಿಯುತ್ತಾ? ನನ್ನ ಪ್ರಶ್ನೆ ಅಲ್ಲೇ ನಿಂತಿದೆ.

ಕಲಿಕಾಏಣಿ
ಫೋನ್ ಮಗುವಿನ ಕೈಗೆ ಕೊಡಬೇಡಿ ಸರ್, ಸ್ಟ್ಯಾಂಡಿಗೆ ಕೊಡಿ. ಪುಸ್ತಕದಿಂದ ಸುಮಾರು 30 ಸೆಂ.ಮೀ. ಎತ್ತರದಲ್ಲಿ ಫೋನು ಕೂರಲಿ, ಕ್ಯಾಮೆರಾ ಸ್ವಲ್ಪ ಓರೆಯಾಗಿ ಪುಟ ನೋಡಲಿ. ಬಾಗುವ ಕತ್ತಿನ ಸ್ಟ್ಯಾಂಡ್ ಅಲುಗಾಡುತ್ತದೆ. ಮರದ ಹಲಗೆ, ಎರಡು ಕಾಲು, ನಡುವೆ ಕ್ಯಾಮೆರಾಕ್ಕೆ ಸೀಳು ಇರುವ ಪೀಠ ಸಾಕು, ಊರಿನ ಬಡಗಿಯೇ ಮಾಡಿಕೊಡುತ್ತಾರೆ. ಎರಡು ಲಾಭ: ಮಗುವಿನ ಎರಡೂ ಕೈ ಪುಸ್ತಕದ ಮೇಲಿರುತ್ತವೆ, ನಾಲ್ಕು ಮಕ್ಕಳು ಒಟ್ಟಿಗೆ ನೋಡಬಹುದು.

ನಾಲ್ವರ ಗುಂಪಿನಲ್ಲಿ ಕ್ರಮ ಹೀಗಿರಲಿ. ಪೀಠ ಪಕ್ಕಕ್ಕಿಟ್ಟು, ಚಿತ್ರ ನೋಡಿ ಏನು ನಡೆಯುತ್ತಿದೆ ಅಂತ ಮಾತಾಡುತ್ತಾರೆ. ಒಬ್ಬರು ಪುಟವನ್ನು ಗಟ್ಟಿಯಾಗಿ ಓದುತ್ತಾರೆ, ಉಳಿದವರು ಬೆರಳಿಟ್ಟು ಹಿಂಬಾಲಿಸುತ್ತಾರೆ. ಆಮೇಲೆ ಒಂದು ಊಹೆ ಕೇಳಿ: ‘ನೀರು ಎಲ್ಲಿಂದ ಹೊರಗೆ ಹೋಗುತ್ತೆ?’ ಉತ್ತರ ಬಂದ ಮೇಲೆ ಪುಸ್ತಕವನ್ನು ಪೀಠದ ಕೆಳಗೆ ಸರಿಸುತ್ತಾರೆ. ನೋಡಿದ ಮೇಲೆ ಪುಸ್ತಕಕ್ಕೇ ವಾಪಸ್, ಊಹೆಗೆ ಉತ್ತರ ಕೊಡುವ ವಾಕ್ಯ ಯಾವುದು, ತೋರಿಸಿ. ಈ ಕೊನೆಯ ಹೆಜ್ಜೆ ಬಿಟ್ಟರೆ ಉಳಿದದ್ದೆಲ್ಲ ಜಾತ್ರೆಯ ಬಯಾಸ್ಕೋಪ್ ಪೆಟ್ಟಿಗೆ.

ಅರ್ಧ ಗಂಟೆಯ ಕೂಟದಲ್ಲಿ ಪರದೆ ನೋಡುವುದು ಎಲ್ಲ ಸೇರಿ 6-8 ನಿಮಿಷ. ಹೊಸ ಪುಸ್ತಕ ಬಂದ ಮೊದಲ ದಿನ ಈ ಕ್ರಮ ಯಾರೂ ಪಾಲಿಸುವುದಿಲ್ಲ, ಎಲ್ಲರೂ ಎಲ್ಲ ಹಕ್ಕಿಯನ್ನೂ ಒಮ್ಮೆ ಎಬ್ಬಿಸಿಯೇ ತೀರುತ್ತಾರೆ. ಆ ದಿನ ಬಿಟ್ಟುಬಿಡಿ.

ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದಾಗಿನಿಂದ ಅದರ ತಿರುಳು ಇದೇ: ಗುಂಪು, ಕಾರ್ಡು, ಮಗುವಿನ ವೇಗ. ಎಆರ್ ಪುಟವನ್ನೂ ನಲಿ-ಕಲಿಯ ಕಲಿಕಾ ಏಣಿಯ ಒಂದು ಮೆಟ್ಟಿಲಾಗಿ ಇಡಿ, ಓದಿ ಮುಗಿಸಿದ ಗುಂಪಿಗೆ ಸಿಗುವ ಮುಂದಿನ ಕೆಲಸವಾಗಿ.

ಮಾತುಕಲಿ
ಇಲ್ಲಿ ಒಂದು ವಿಷಯದಲ್ಲಿ ನನಗೆ ಭಿನ್ನಮತ. ‘ಮೊದಲು ಓದು, ಆಮೇಲೆ ನೋಡು’ ಅನ್ನುವುದು ಓದು ಬರುವ ಮಗುವಿಗೆ ಸರಿ. ಸೋನಾಲಿ ನಾಗ್ ಅವರ ಸಂಶೋಧನೆ ತೋರಿಸಿದಂತೆ ಕನ್ನಡದ ಅಕ್ಷರಸಂಪತ್ತು ಕೈಗೂಡಲು ಇಂಗ್ಲಿಷ್ ವರ್ಣಮಾಲೆಗಿಂತ ಬಹಳ ಹೆಚ್ಚು ಕಾಲ ಬೇಕು, ಒಂದನೇ ತರಗತಿಗೆ ಮುಗಿಯುವುದಿಲ್ಲ. 3ನೇ ತರಗತಿಯಲ್ಲೂ ‘ಹೆಜ್ಜಾರ್ಲೆ’ ಹತ್ತಿರ ನಿಲ್ಲುವ ಮಕ್ಕಳಿರುತ್ತಾರೆ. ಅರ್ಕಾವೊತ್ತು ಉಚ್ಚಾರದಲ್ಲಿ ಮೊದಲು, ಬರವಣಿಗೆಯಲ್ಲಿ ಆಮೇಲೆ, ತೊಡಕೇ ಅದು. ಅಂಥ ಮಗುವಿಗೆ ಮೊದಲು ಹಕ್ಕಿ ನೋಡಿ, ಹೆಸರು ಕೇಳಿ, ಆಮೇಲೆ ಆ ಪದ ಪುಟದಲ್ಲಿ ಹುಡುಕಲು ಹೇಳುವುದು ವಾಸಿ.

ಧ್ವನಿಯನ್ನು ಯಂತ್ರದಿಂದ ಓದಿಸಬೇಡಿ. ಇಲ್ಲಿನ ಮಾತಿನ ಲಯ ಬಲ್ಲವರು, ಪದ ಪದ ಬಿಡಿಸದೆ, ಆದರೆ ನಿಧಾನವಾಗಿ ಓದಿ ದಾಖಲಿಸಲಿ. ದಪ್ಪ ಕಂಬಳಿ ಹೊದಿಸಿದ ಕೋಣೆಯ ಮೂಲೆ, ಬಾಯಿಂದ ಒಂದು ಗೇಣು ದೂರದ ಮೈಕು, ಫ್ಯಾನ್ ಆಫ್. ಮೊನೊ ಎಂಪಿ3, 64 ಕೆಬಿಪಿಎಸ್ ಸಾಕು. ಕೋಣೆಯಲ್ಲಿ ಒಂದೇ ಸಲ ಹಲವು ಫೋನು ಮಾತಾಡಿದರೆ ಶ್ರವಣ ಸಾಧನ ಹಾಕಿದ ಮಗುವಿಗೆ ಎಲ್ಲ ಕಲಸಿ ಗದ್ದಲ, ಅದನ್ನು ಗಮನಿಸಿ.

ತುಂಬ ಸಹಾಯ ಕೊಟ್ಟರೂ ಓದಿನಲ್ಲಿ ಹಿಂದೆ ಉಳಿಯುವ ಮಗುವನ್ನು ಎಆರ್‌ಗೆ ಬಿಟ್ಟು ಕಾಯಬೇಡಿ. ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಲಿಕಾ ತೊಂದರೆಯ ತಪಾಸಣೆ ಮಾಡುತ್ತಾರೆ.

ಕಲಿಕಾಏಣಿ
ಒಪ್ಪುವುದಿಲ್ಲ ಮೇಡಂ, ಪೂರ್ತಿ. ಹೆಸರು ಮೊದಲೇ ಕೇಳಿಸಿದರೆ ಮಗು ಪದವನ್ನು ಬಿಡಿಸುವ ಬದಲು ಊಹಿಸುತ್ತದೆ. ‘ಹೆ’ ಕಂಡರೆ ಸಾಕು, ಹೆಜ್ಜಾರ್ಲೆ ಅಂದುಬಿಡುತ್ತದೆ. ಓದಿದೆ ಅನ್ನಿಸುತ್ತದೆ, ಓದಿರುವುದಿಲ್ಲ.

ಮಾತುಕಲಿ
ಹಾಗಾದರೆ ಅದೇ ಪುಟದಲ್ಲಿ ‘ಹೆಜ್ಜೆ’, ‘ಹೆಜ್ಜೇನು’ ಎರಡನ್ನೂ ತನ್ನಿ. ಊಹಿಸುವ ಮಗು ಅಲ್ಲೇ ಸಿಕ್ಕಿಬೀಳುತ್ತದೆ.

ಚಿತ್ರಾನ್ನ
ಹೆಜ್ಜೇನು ಹುಣಸೆ ಮರಕ್ಕೇ ಕಟ್ಟಿಸ್ತೀನಿ, ಚಿತ್ರಕ್ಕೂ ಒಳ್ಳೇ ಕಪ್ಪು ಮೂಲೆ ಸಿಕ್ಕಿತು.

ಮದ್ದೂರ್‌ವಡೆ
ಓದು ಸುಧಾರಿಸಿತೋ ಇಲ್ಲವೋ ಅಂತ ಅಳೆಯೋದು ಹೇಗೆ? ಕೇಂದ್ರ ಸರ್ಕಾರದ ಓದು-ಲೆಕ್ಕದ ಯೋಜನೆ ನಿಪುಣ್ ಭಾರತದ ಗುರಿಯೇ ಇಟ್ಕೊಳ್ಳೋದಾ?

ಕಲಿಕಾಏಣಿ
3ನೇ ತರಗತಿಗೆ ನಿಮಿಷಕ್ಕೆ 60 ಪದ ಅನ್ನುವ ಆ ಗುರಿ ನಿಮ್ಮ ಕೆಲಸಕ್ಕೆ ಒರಟು ಅಳತೆ. ‘ಬಿಟ್ಟುಕೊಡುತ್ತಿದ್ದವು’ ಕನ್ನಡದಲ್ಲಿ ಒಂದೇ ಪದ, ಅದೇ ಲೆಕ್ಕದಲ್ಲಿ ‘ಮರ’ವೂ ಒಂದು. ಅದಕ್ಕಿಂತ ಹೀಗೆ ಮಾಡಿ: ಒಂದೇ ಕಷ್ಟದ ನಾಲ್ಕು ಪುಟ ಆರಿಸಿ, ಎರಡಕ್ಕೆ ಎಆರ್, ಎರಡಕ್ಕೆ ಬರೀ ಚಿತ್ರ. ಇನ್ನೊಂದು ಗುಂಪಿಗೆ ಅದಲು ಬದಲು. ವಾರ ಬಿಟ್ಟು ಪುಸ್ತಕ ಮುಚ್ಚಿ ಕಥೆ ಹೇಳಿಸಿ, ಪುಟದಲ್ಲಿದ್ದ ಸಂಗತಿಗಳಲ್ಲಿ ಎಷ್ಟು ಬಂದವು ಎಣಿಸಿ. ಹೊಸ ಪದಗಳನ್ನು ಬೇರೆ ವಾಕ್ಯದಲ್ಲಿ ಬರೆದು ಓದಿಸಿ. ಎಆರ್ ಪುಟದ ಹಕ್ಕಿಯ ಬಣ್ಣ ನೆನಪಿದ್ದು ‘ಮೊಗೆಯುತ್ತದೆ’ ಓದಲು ಬಾರದಿದ್ದರೆ, ಆ ಪುಟದ ಚಲನೆಯನ್ನು ತೆಗೆದುಹಾಕಿ.

ಅಚ್ಚುಮೊಳೆ
ಇನ್ನೊಂದ್ ಮಾತು ಮರ್ತಿದ್ದೆ ವಡೆ ಅಣ್ಣ. ಕೇಂದ್ರದ ಕಿಟಕಿ ಮಕ್ಕಳ ಬೆನ್ನ ಹಿಂದಿದ್ರೆ ಅವರ ನೆರಳೇ ಪುಟದ ಮ್ಯಾಲೆ ಬೀಳ್ತದೆ. ಕತ್ತಲಲ್ಲಿ ಕ್ಯಾಮೆರಾ ನಿಧಾನಕ್ಕೆ ತೆಗೀತದೆ, ಪುಟ ಅಲುಗಿದ್ರೆ ಮಸುಕಾಗಿ ಗುರುತೇ ಸಿಗಲ್ಲ. ಪೀಠನ ಕಿಟಕಿಗೆ ಅಡ್ಡಡ್ಡ ಇಡಿ, ಬೆಳಕು ಪಕ್ಕದಿಂದ ಬರಲಿ. ಪ್ರೂಫ್ ತೆಗೆಸೋಕೆ ಬರೋವಾಗ ಆ ಫೋನನ್ನೂ ತಗಂಡೇ ಪ್ರೆಸ್ಸಿಗೆ ಬನ್ನಿ.